ಎರವಲು ದನಿಯಿಂದ ಸ್ವಂತ ಹಾಡಿಗೆ: ಟ್ರಿಕ್ಸಿ ಮ್ಯಾಟೆಲ್ ಪ್ರಕರಣ

ಡ್ರ್ಯಾಗ್ ವೇದಿಕೆಯಲ್ಲಿ ಬಾಯಿ ಒಬ್ಬರದು, ದನಿ ಇನ್ನೊಬ್ಬರದು. ಅಮೆರಿಕದ ಬಾರುಗಳಲ್ಲಿ ರಾತ್ರಿ ನಡೆಯುವ ಪ್ರದರ್ಶನಗಳು ಬಹುಪಾಲು ಹೀಗೆಯೇ. ಹೆಣ್ಣುವೇಷ ತೊಟ್ಟ ಕಲಾವಿದರು ಬೆಳಕಿಗೆ ಬರುತ್ತಾರೆ, ಹೆಸರಾಂತ ಗಾಯಕಿಯೊಬ್ಬರ ಧ್ವನಿಮುದ್ರಣ ಮೊಳಗುತ್ತದೆ, ಕಲಾವಿದರು ಅದಕ್ಕೆ ತುಟಿ ಆಡಿಸುತ್ತಾರೆ. ಪಳಗಿದವರಾದರೆ ಪದಗಳಿಗಷ್ಟೇ ಅಲ್ಲ, ಗಾಯಕಿ ಉಸಿರೆಳೆದುಕೊಂಡ ಜಾಗದಲ್ಲೂ ಎದೆ ಏರಿಸುತ್ತಾರೆ. ಆಕೆಯ ದನಿ ನಡುಗಿದಲ್ಲಿ ಇವರ ಗಂಟಲ ನರ ನಡುಗುತ್ತದೆ. ಪ್ರೇಕ್ಷಕರು ಎದ್ದು ಬಂದು ಒಂದು ಡಾಲರಿನ ನೋಟುಗಳನ್ನು ಕೈಗಿಡುತ್ತಾರೆ. ಹಾಡು ಮುಗಿಯುತ್ತದೆ. ಆ ಹಾಡಿನಲ್ಲಿ ಕಲಾವಿದರ ಸ್ವಂತದ್ದೆಂದು ಒಂದು ಅಕ್ಷರವೂ ಇರುವುದಿಲ್ಲ, ಒಂದು ಸ್ವರವೂ ಇರುವುದಿಲ್ಲ.

ಯಕ್ಷಗಾನ ನೋಡಿ ಬೆಳೆದವರಿಗೆ ಈ ಏರ್ಪಾಡು ತೀರಾ ಅಪರಿಚಿತವಲ್ಲ. ಅಲ್ಲಿಯೂ ಪದ್ಯ ಭಾಗವತರದು, ಹೆಜ್ಜೆ ಸ್ತ್ರೀವೇಷದವರದು. ಆದರೆ ಪದ್ಯ ನಿಂತ ಮೇಲೆ ಅರ್ಥ ಹೇಳುವ ಸರದಿ ವೇಷಧಾರಿಗೆ ಬಂದೇ ಬರುತ್ತದೆ. ಅಲ್ಲಿ ಮಾತು ಅವರದೇ, ಆ ರಾತ್ರಿಗೆ ಹುಟ್ಟಿದ್ದು. ತುಟಿಯಾಟದ ಕಲೆಯಲ್ಲಿ ಆ ಸರದಿ ಹಾಡಿನೊಳಗೆ ಇಲ್ಲ. ಇದನ್ನು ಕೊರತೆಯೆಂದು ಹೇಳುತ್ತಿಲ್ಲ. ಇನ್ನೊಬ್ಬರ ದನಿಯನ್ನು ಮೈಯೊಳಗೆ ಇಳಿಸಿಕೊಳ್ಳುವುದು ದೊಡ್ಡ ವಿದ್ಯೆ. ಆದರೆ ಅದರಲ್ಲಿ ಹೆಸರು ಮಾಡಿದವರೊಬ್ಬರು ಒಂದು ದಿನ ತಾವೇ ಸಾಹಿತ್ಯ ಬರೆದು, ಮಟ್ಟು ಹಾಕಿ, ತಮ್ಮದೇ ಗಂಟಲಿನಲ್ಲಿ ಹಾಡಲು ಹೊರಟರೆ ಏನೇನು ಬದಲಾಗಬೇಕಾಗುತ್ತದೆ? ವೇಷ ಉಳಿಯುತ್ತದೆಯೇ? ಉಳಿದರೆ ಯಾವ ಕೆಲಸಕ್ಕೆ? ಈ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ನೋಡಲು ಅಮೆರಿಕದ ಡ್ರ್ಯಾಗ್ ಕಲಾವಿದರಾದ ಟ್ರಿಕ್ಸಿ ಮ್ಯಾಟೆಲ್ ಅವರಷ್ಟು ತಕ್ಕ ಉದಾಹರಣೆ ನನಗೆ ಬೇರೆ ಕಾಣಲಿಲ್ಲ.

ಬರೆಯುವಾಗ ಒಂದು ಅನುಕೂಲ ಸಿಕ್ಕಿತು. ವೇಷದಲ್ಲಿರುವಾಗ ಟ್ರಿಕ್ಸಿಯನ್ನು ಇಂಗ್ಲಿಷಿನಲ್ಲಿ ಹೆಣ್ಣಾಗಿ ಕರೆಯುತ್ತಾರೆ, ವೇಷ ಕಳಚಿದ ಬ್ರಯನ್ ಫರ್ಕಸ್ ಅವರನ್ನು ಗಂಡಾಗಿ. ಪ್ರತಿ ವಾಕ್ಯದಲ್ಲೂ ಅಲ್ಲಿನ ಬರಹಗಾರರು ಒಂದನ್ನು ಆರಿಸಿಕೊಳ್ಳಲೇಬೇಕು. ನಮ್ಮ ‘ಅವರು’ ಇಬ್ಬರನ್ನೂ ಒಂದೇ ಗೌರವದಲ್ಲಿ ಒಳಗೊಳ್ಳುತ್ತದೆ.

ಬೈಗುಳದಿಂದ ಬಂದ ಹೆಸರು, ಅಜ್ಜನಿಂದ ಬಂದ ಗಿಟಾರ್

ಬ್ರಯನ್ ಫರ್ಕಸ್ ಹುಟ್ಟಿದ್ದು 1989ರ ಆಗಸ್ಟ್ 23ರಂದು, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ. ಬೆಳೆದದ್ದು ಆ ರಾಜ್ಯದ ಈಶಾನ್ಯ ಭಾಗದ ಕ್ರಿವಿಟ್ಜ್ ಎಂಬ ಸಣ್ಣ ಊರಿನಲ್ಲಿ. ತಾಯಿಯ ಕಡೆಯಿಂದ ಅವರು ಒಜಿಬ್ವೆ ಮೂಲನಿವಾಸಿ ಸಮುದಾಯಕ್ಕೆ ಸೇರಿದವರು. ಬಾಲ್ಯ ಸುಖದ್ದಾಗಿರಲಿಲ್ಲ. ಹುಡುಗ ಸ್ವಲ್ಪ ಹೆಣ್ಣಿಗನಂತೆ ನಡೆದುಕೊಂಡಾಗಲೆಲ್ಲ ಮಲತಂದೆ ‘ಟ್ರಿಕ್ಸಿ’ ಎಂದು ಹಂಗಿಸುತ್ತಿದ್ದರೆಂದು ಅವರೇ ಹಲವು ಬಾರಿ ಹೇಳಿಕೊಂಡಿದ್ದಾರೆ. ಹದಿಹರೆಯದಲ್ಲಿ ಆ ಮನೆ ಬಿಟ್ಟು ಅಜ್ಜ-ಅಜ್ಜಿಯ ಮನೆ ಸೇರಿದರು. ಅಜ್ಜ ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತ ನುಡಿಸುತ್ತಿದ್ದವರು. ಮೊಮ್ಮಗನಿಗೆ ಗಿಟಾರ್ ಹಿಡಿಯಲು ಕಲಿಸಿದವರು ಅವರೇ.

ಮುಂದೆ ಅದೇ ರಾಜ್ಯದ ಮಿಲ್ವಾಕಿ ನಗರದಲ್ಲಿ ಕಾಲೇಜು, ಸಂಗೀತ ನಾಟಕದ ಓದು, ಹೊಟ್ಟೆಪಾಡಿಗೆ ಪ್ರಸಾಧನ ಸಾಮಗ್ರಿ ಮಾರುವ ಕೆಲಸ, ರಾತ್ರಿ ಡ್ರ್ಯಾಗ್. ವೇದಿಕೆಗೆ ಹೆಸರು ಬೇಕಾದಾಗ ಮಲತಂದೆಯ ಬೈಗುಳವನ್ನೇ ಎತ್ತಿ ಹಣೆಯ ಮೇಲಿಟ್ಟುಕೊಂಡರು. ಅದರ ಮುಂದೆ, 1959ರಲ್ಲಿ ಬಾರ್ಬಿ ಗೊಂಬೆಯನ್ನು ಮಾರುಕಟ್ಟೆಗೆ ತಂದ ಕಂಪನಿಯ ಹೆಸರನ್ನು ಸೇರಿಸಿದರು. ಮೇಕಪ್ ಕೂಡ ಗೊಂಬೆಯದೇ. ನಿಜವಾದ ಹುಬ್ಬನ್ನು ಮುಚ್ಚಿ, ಹಣೆಯ ಮಧ್ಯದವರೆಗೂ ಕಣ್ಣನ್ನು ಬರೆದು, ಕಣ್ಣಿನ ಕೆಳಗೆ ಬಿಳಿ ಬಣ್ಣದ ಅಗಲವಾದ ಪಟ್ಟಿ ಎಳೆದು, ಕೆನ್ನೆಯ ನೆರಳನ್ನು ಗೆರೆ ಕೊರೆದಂತೆ ಕಡುಕಂದು ಮಾಡುತ್ತಾರೆ. ಮೇಲೆ ಎತ್ತರದ ಹೊಂಬಣ್ಣದ ವಿಗ್, ಮೈಮೇಲೆ ಗುಲಾಬಿ ಬಣ್ಣ. ಸಾಮಾನ್ಯವಾಗಿ ಹೆಣ್ಣುವೇಷದಲ್ಲಿ ‘ನಿಜವಾದ ಹೆಣ್ಣಿನ ಹಾಗೆಯೇ ಕಾಣುತ್ತಾರೆ’ ಎಂಬುದು ಹೊಗಳಿಕೆ. ಟ್ರಿಕ್ಸಿಯ ಮುಖ ಆ ಹೊಗಳಿಕೆಯನ್ನು ಬಯಸುವುದೇ ಇಲ್ಲ. ಇದು ಬಣ್ಣ, ಇದು ಪ್ಲಾಸ್ಟಿಕ್ ಎಂದು ಕೊನೆಯ ಸಾಲಿನಲ್ಲಿ ಕುಳಿತವರಿಗೂ ತಿಳಿಯುವಂತೆ ಆ ಮುಖವನ್ನು ಬರೆದಿರುತ್ತಾರೆ. ಈ ಮಾತನ್ನು ನೆನಪಿಟ್ಟುಕೊಳ್ಳಬೇಕು. ಮುಂದೆ ಹಾಡುಗಳ ವಿಷಯ ಬಂದಾಗ ಎಲ್ಲವೂ ಇದರ ಮೇಲೆಯೇ ನಿಲ್ಲುತ್ತದೆ.

ಸೋತು ಬಂದವರ ಮುಂದಿದ್ದ ಸಿದ್ಧ ದಾರಿ

2015ರಲ್ಲಿ ಟ್ರಿಕ್ಸಿ ರುಪಾಲ್ ನಡೆಸುವ ಡ್ರ್ಯಾಗ್ ಸ್ಪರ್ಧೆಯ ಏಳನೆಯ ಆವೃತ್ತಿಗೆ ಹೋದರು. 2009ರಿಂದ ನಡೆದುಬಂದಿರುವ ಆ ಟಿವಿ ಸ್ಪರ್ಧೆಯಲ್ಲಿ ಪ್ರತಿ ವಾರ ಕಡೆಯ ಇಬ್ಬರು ಒಂದು ಹಾಡಿಗೆ ತುಟಿ ಆಡಿಸಿ ಹೋರಾಡಬೇಕು, ಒಬ್ಬರು ಮನೆಗೆ ಹೋಗಬೇಕು. ಟ್ರಿಕ್ಸಿ ನಾಲ್ಕನೆಯ ಕಂತಿನಲ್ಲೇ ಹೊರಬಿದ್ದರು, ಮಧ್ಯದಲ್ಲಿ ಮತ್ತೆ ಒಳಗೆ ಬಂದರು, ಮತ್ತೆ ಹೊರಬಿದ್ದರು. ಕೊನೆಗೆ ಸಿಕ್ಕಿದ್ದು ಆರನೆಯ ಸ್ಥಾನ. ಎರಡು ಸಲವೂ ಅವರನ್ನು ಮನೆಗೆ ಕಳುಹಿಸಿದ್ದು ಇನ್ನೊಬ್ಬರ ಹಾಡಿಗೆ ಆಡಿಸಿದ ತುಟಿ.

ಸ್ಪರ್ಧೆಯಿಂದ ಬಂದವರು ಹೆಸರು ಬಿಸಿಯಿರುವಾಗಲೇ ಒಂದು ಹಾಡು ಬಿಡುಗಡೆ ಮಾಡುವುದು ಆ ವೇಳೆಗೆ ರೂಢಿಯಾಗಿತ್ತು. ಹಾಡಿನ ಅಚ್ಚು ಕೂಡ ಸಿದ್ಧವಾಗಿತ್ತು: ನೃತ್ಯದ ತಾಳ, ಘೋಷಣೆಯಂಥ ಪಲ್ಲವಿ, ‘ನಾನು ರಾಣಿ, ನನ್ನ ನಡಿಗೆ ನೋಡಿ’ ಎಂಬ ಧಾಟಿಯ ಚರಣ. ಈ ಅಚ್ಚಿಗೆ ಗೌರವದ ಚರಿತ್ರೆಯೇ ಇದೆ. 1978ರಲ್ಲಿ ಗಾಯಕ ಸಿಲ್ವೆಸ್ಟರ್ ತಮ್ಮ ಎತ್ತರದ ದನಿಯಿಂದ ಡಿಸ್ಕೊ ಸಂಗೀತವನ್ನೇ ಬೇರೆ ಮಟ್ಟಕ್ಕೆ ಒಯ್ದರು. 1984ರಲ್ಲಿ ಡ್ರ್ಯಾಗ್ ಕಲಾವಿದ ಡಿವೈನ್ ಅವರ ಹಾಡೊಂದು ಬ್ರಿಟನ್ನಿನ ಪಟ್ಟಿಯಲ್ಲಿ 16ನೆಯ ಸ್ಥಾನಕ್ಕೇರಿತು. 1992ರ ಕೊನೆಗೆ ಬಂದ ರುಪಾಲ್ ಅವರ ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 45ನೆಯ ಸ್ಥಾನದವರೆಗೆ ಹೋಯಿತು. ಕ್ಲಬ್ಬಿನ ಅಗತ್ಯವೂ ಅಂಥದ್ದೇ. ಡಿಜೆ ಹಾಕಬಹುದಾದ ಹಾಡು ಬೇಕು, ಮರುದಿನ ಇನ್ನೊಬ್ಬ ಕಲಾವಿದರು ತುಟಿ ಆಡಿಸಬಹುದಾದ ಹಾಡು ಬೇಕು.

ಆದರೆ ಸಿಲ್ವೆಸ್ಟರ್ ಹಾಡಿದ್ದು ತಮ್ಮೊಳಗಿನ ಉತ್ಕಟತೆಯನ್ನು. ಅವರ ನಂತರದ ಅನುಕರಣೆಗಳಲ್ಲಿ ಬಹಳಷ್ಟು ವೇಷದ ಜಾಹೀರಾತಾಗಿ ಉಳಿದವು. ಹಾಡು ವೇಷವನ್ನು ಕುರಿತೇ ಮಾತನಾಡುತ್ತಿದ್ದರೆ, ವೇಷ ಕಳಚಿದ ಮನುಷ್ಯರು ಆ ಹಾಡಿನಲ್ಲಿ ಎಲ್ಲಿ ಕೂರಬೇಕು?

ಟ್ರಿಕ್ಸಿ ಆ ದಾರಿ ಹಿಡಿಯಲಿಲ್ಲ. ತಕ್ಷಣ ಹಾಡಿಗೂ ಇಳಿಯಲಿಲ್ಲ. 2016ರಲ್ಲಿ ಸಹಸ್ಪರ್ಧಿ ಕಾಟ್ಯಾ ಜೊತೆ ಯೂಟ್ಯೂಬ್‌ನಲ್ಲಿ ಒಂದು ಹರಟೆ ಕಾರ್ಯಕ್ರಮ ಆರಂಭವಾಯಿತು. ಹಿಂದೆ ಹಸಿರು ಪರದೆ, ಮುಂದೆ ಇಬ್ಬರು ವೇಷಧಾರಿಗಳು, ಬಾಯಿಗೆ ಬಂದ ಮಾತು. ಸಂಗೀತಕ್ಕೂ ಇದಕ್ಕೂ ಸಂಬಂಧವಿಲ್ಲ ಎನ್ನಿಸಬಹುದು. ನನ್ನ ಓದಿನಲ್ಲಿ ಈ ಪ್ರಕರಣದ ತಿರುವು ಇಲ್ಲಿಯೇ ಇದೆ. ಆ ವರೆಗೆ ಕಣ್ಣಿಗೆ ಮಾತ್ರ ಗೊತ್ತಿದ್ದ ವೇಷಕ್ಕೆ ಇಲ್ಲಿ ಅರ್ಥಗಾರಿಕೆಯ ಸರದಿ ಸಿಕ್ಕಿತು. ಆ ಗೊಂಬೆಯ ಮುಖದಿಂದ ಬರುವ, ಸ್ವಲ್ಪ ಒರಟಾದ, ಗಂಡಸಿನ ಸಹಜ ದನಿಗೆ ಲಕ್ಷಾಂತರ ಕಿವಿಗಳು ಒಗ್ಗಿಕೊಂಡವು. ಮುಂದೆ ಅದೇ ದನಿ ಹಾಡಿದಾಗ ಯಾರೂ ಬೆಚ್ಚಲಿಲ್ಲ.

ಕಂಟ್ರಿಯೇ ಏಕೆ

ಅಜ್ಜ ಕಲಿಸಿದ್ದು ಅದು, ಅಷ್ಟೇ ಸಾಕಾದ ಉತ್ತರ. ಆದರೂ ಆ ಆಯ್ಕೆಯ ಧೈರ್ಯವನ್ನು ತಿಳಿಯಲು ಸ್ವಲ್ಪ ಹಿಂದೆ ನೋಡಬೇಕು.

ಕಂಟ್ರಿ ಸಂಗೀತದ ಮಾರುಕಟ್ಟೆ ಅಮೆರಿಕದಲ್ಲಿ ಸಂಪ್ರದಾಯಸ್ಥರದೆಂದೇ ಹೆಸರಾದದ್ದು. ಸಲಿಂಗ ಪ್ರೇಮವನ್ನು ಬಹಿರಂಗವಾಗಿ ಹಾಡಿದ ಮೊದಲ ಕಂಟ್ರಿ ಆಲ್ಬಮ್ ಎಂದು ಗುರುತಿಸುವ ‘ಲ್ಯಾವೆಂಡರ್ ಕಂಟ್ರಿ’ 1973ರಲ್ಲಿ ಸಿಯಾಟಲ್‌ನಲ್ಲಿ ಬಂದಾಗ ಅಚ್ಚಾದದ್ದು ಕೇವಲ 1,000 ಪ್ರತಿ. ಅದು ಮರುಮುದ್ರಣವಾಗಿ ದೊಡ್ಡ ಕೇಳುಗ ಬಳಗವನ್ನು ತಲುಪಿದ್ದು 2014ರಲ್ಲಿ. ನಡುವೆ ನಾಲ್ಕು ದಶಕ ಕಳೆದಿದ್ದವು.

ಇನ್ನೊಂದು ಕಡೆಯಿಂದ ನೋಡಿದರೆ ಕಂಟ್ರಿಯಷ್ಟು ವೇಷವನ್ನು ಪ್ರೀತಿಸಿದ ಸಂಗೀತ ಬೇರೆ ಸಿಗುವುದು ಕಷ್ಟ. ಕೀವ್‌ನಲ್ಲಿ ಹುಟ್ಟಿ ನಾರ್ತ್ ಹಾಲಿವುಡ್ಡಿನಲ್ಲಿ ಅಂಗಡಿ ಇಟ್ಟ ದರ್ಜಿ ನೂಡಿ ಕೋನ್ ಹೊಲಿದ ಸೂಟುಗಳನ್ನು ನೋಡಿ. ಕಸೂತಿ, ಹೊಳೆಯುವ ಹರಳು, ತೋಳಿಗೆ ಜೋಲುವ ಅಂಚು. ಅವನ್ನು ತೊಟ್ಟು ಗಂಡಸರು ಗದ್ದೆ, ಜೈಲು, ಮುರಿದ ಮನೆಗಳ ಬಗ್ಗೆ ಹಾಡಿದರು. ಡಾಲಿ ಪಾರ್ಟನ್ ಬೆಟ್ಟದಷ್ಟು ಎತ್ತರದ ವಿಗ್ ಹಾಕಿಕೊಂಡೇ ಟೆನೆಸಿಯ ಬಡತನವನ್ನು ಬರೆದರು, ಯಾರೂ ಅವರ ಸಾಹಿತ್ಯವನ್ನು ಸುಳ್ಳೆನ್ನಲಿಲ್ಲ. ಉಡುಪು ಎಷ್ಟು ಅತಿಯೋ ಮಾತು ಅಷ್ಟು ಸರಳ: ಇದು ಕಂಟ್ರಿಯ ಹಳೆಯ ಒಪ್ಪಂದ. ಟ್ರಿಕ್ಸಿ ಆ ಒಪ್ಪಂದದೊಳಗೆ ತನಗೂ ಜಾಗವಿದೆ ಎಂದು ಕಂಡುಕೊಂಡರು.

ಉಗುರು, ಕಾರ್ಸೆಟ್, ಉಸಿರು

ಬರೆಯುವವರು ಸಾಮಾನ್ಯವಾಗಿ ದಾಟಿಹೋಗುವ ಭಾಗ ಇದು. ತುಟಿ ಆಡಿಸುವ ಮೈಯನ್ನು ಹಾಡುವ ಮೈಯಾಗಿ ಮಾಡುವುದು ಮನಸ್ಸಿನ ಕೆಲಸವಷ್ಟೇ ಅಲ್ಲ.

ಮೊದಲು ಕಾರ್ಸೆಟ್. ಸೊಂಟವನ್ನು ಹಿಡಿದು ಕಟ್ಟುವ ಈ ಬಿಗಿಯುಡುಪು ಕೆಳಗಿನ ಪಕ್ಕೆಲುಬುಗಳನ್ನು ಅಗಲವಾಗಲು ಬಿಡುವುದಿಲ್ಲ, ಹೊಟ್ಟೆಯನ್ನು ಮುಂದಕ್ಕೆ ಬರಲು ಬಿಡುವುದಿಲ್ಲ. ಹಾಡುವವರ ಉಸಿರು ಇಳಿಯಬೇಕಾದದ್ದು ಅಲ್ಲಿಗೇ. ಕೆಳಗೆ ದಾರಿ ಮುಚ್ಚಿದರೆ ಉಸಿರು ಮೇಲೆದೆಯಲ್ಲಿ ನಿಲ್ಲುತ್ತದೆ, ಭುಜ ಏರುತ್ತದೆ, ಕುತ್ತಿಗೆ ಬಿಗಿಯುತ್ತದೆ, ದೀರ್ಘ ಸಾಲಿನ ಕೊನೆಯ ಅಕ್ಷರಕ್ಕೆ ಗಾಳಿ ಉಳಿಯುವುದಿಲ್ಲ. ತುಟಿ ಆಡಿಸುವವರಿಗೆ ಇದು ತೊಂದರೆಯೇ ಅಲ್ಲ, ಗಾಳಿ ಇನ್ನೊಬ್ಬರದು. ಸ್ವಂತ ಹಾಡು ಬರೆಯುವವರು ತಮ್ಮ ಉಡುಪಿನ ಅಳತೆಗೆ ಸಾಲಿನ ಉದ್ದವನ್ನೂ ಯೋಚಿಸಬೇಕಾಗುತ್ತದೆ. ಕಂಟ್ರಿಯ ಸಾಲುಗಳು ಗಿಡ್ಡ, ಮಾತಿನ ಉಸಿರಿಗೆ ಹತ್ತಿರ. ಶಾಸ್ತ್ರೀಯ ಒಪೆರಾದ ಆಲಾಪಕ್ಕೆ ಬೇಕಾಗುವ ಗಾಳಿ ಇದಕ್ಕೆ ಬೇಡ.

ಆಮೇಲೆ ಉಗುರು. ಗೊಂಬೆಯ ಕೈಗೆ ಉದ್ದ ಉಗುರು ಬೇಕು. ಗಿಟಾರಿನ ಎಡಗೈಗೆ ಅದು ಶತ್ರು. ಬೆರಳ ತುದಿಯ ಮೆತ್ತನೆಯ ಭಾಗ ತಂತಿಯನ್ನು ಮರಕ್ಕೆ ನೇರವಾಗಿ ಒತ್ತಬೇಕು. ಅಂಟಿಸಿದ ಉಗುರು ಮೊದಲು ಮರಕ್ಕೆ ತಾಗಿದರೆ ಬೆರಳು ಓರೆಯಾಗುತ್ತದೆ, ಪಕ್ಕದ ತಂತಿಗೆ ತಗಲುತ್ತದೆ, ಸ್ವರದ ಬದಲು ಟಕ್ಕೆಂಬ ಸದ್ದು ಬರುತ್ತದೆ. ಬಲಗೈಗೆ ಚಿಂತೆಯಿಲ್ಲ, ಮೀಟಲು ಉಗುರು ಉಪಕಾರವೇ. ಹಾಗಾಗಿ ವಾದ್ಯ ಹಿಡಿದ ವೇಷಧಾರಿಯ ಎರಡು ಕೈಗಳೂ ಒಂದೇ ವೇಷದಲ್ಲಿರಲು ಸಾಧ್ಯವಿಲ್ಲ. ತಂತಿ ಒತ್ತುವ ಕೈಯನ್ನು ವೇಷದಿಂದ ಸ್ವಲ್ಪ ಬಿಡುಗಡೆ ಮಾಡಲೇಬೇಕು.

ಟ್ರಿಕ್ಸಿ ನುಡಿಸುವ ಇನ್ನೊಂದು ವಾದ್ಯ ಆಟೋಹಾರ್ಪ್. ಹೆಚ್ಚಾಗಿ ಮೂವತ್ತಾರು ತಂತಿಗಳ ಪೆಟ್ಟಿಗೆ. ಮೇಲೆ ಅಡ್ಡಲಾಗಿ ಪಟ್ಟಿಗಳು, ಪ್ರತಿ ಪಟ್ಟಿಯ ಅಡಿಯಲ್ಲಿ ಅಲ್ಲಲ್ಲಿ ಮೆತ್ತನೆಯ ಉಣ್ಣೆಯ ತುಂಡು. ಒಂದು ಪಟ್ಟಿಯ ಗುಂಡಿ ಒತ್ತಿದರೆ ಆ ತುಂಡುಗಳು ಬೇಡದ ತಂತಿಗಳನ್ನು ಹಿಡಿದು ಸುಮ್ಮನಾಗಿಸುತ್ತವೆ. ಬಲಗೈ ಉದ್ದಕ್ಕೆ ಎಳೆದಾಗ ಉಳಿದ ತಂತಿಗಳು ಸೇರಿ ಒಂದು ಸ್ವರಮೇಳವಾಗಿ ನುಡಿಯುತ್ತವೆ. ಬೇಡದ್ದನ್ನು ಮುಚ್ಚಿ ಬೇಕಾದ್ದನ್ನು ಕೇಳಿಸುವ ವಾದ್ಯ. ಇದನ್ನು ಮಡಿಲಿನಿಂದ ಎತ್ತಿ ಎದೆಗಾನಿಸಿ ನುಡಿಸುವ ರೀತಿಯನ್ನು ಜನಪ್ರಿಯಗೊಳಿಸಿದವರು ಕಂಟ್ರಿಯ ಹಳೆಯ ಗಾಯಕ ತಂಡವಾದ ಕಾರ್ಟರ್ ಕುಟುಂಬದ ಮೇಬೆಲ್ ಕಾರ್ಟರ್. ಅವರ ಮಗಳು ಜೂನ್ ಕಾರ್ಟರ್ ಕೂಡ ಅದನ್ನು ನುಡಿಸಿದರು. ಗುಲಾಬಿ ಉಡುಪಿನ ಗೊಂಬೆಯೊಂದು ಆ ಪೆಟ್ಟಿಗೆಯನ್ನು ಎದೆಗೊರಗಿಸಿ ನಿಂತಾಗ ಕಾಣುವುದು ಹೊಸ ಚಮತ್ಕಾರವಲ್ಲ, ಗುಡ್ಡಗಾಡಿನ ಹೆಂಗಸರ ಹಳೆಯ ನಿಲುವು.

ಹಾಡುಗಳೊಳಗೆ

ಮೊದಲ ಆಲ್ಬಮ್ ‘ಟೂ ಬರ್ಡ್ಸ್’ ಬಂದದ್ದು 2017ರ ಮೇ 2ರಂದು, ಎರಡನೆಯದು ‘ಒನ್ ಸ್ಟೋನ್’ 2018ರ ಮಾರ್ಚ್ 15ರಂದು. ಎರಡೂ ಹೆಸರು ಸೇರಿದರೆ ನಮ್ಮಲ್ಲೂ ಇರುವ ಮಾತು: ಒಂದೇ ಕಲ್ಲಿಗೆ ಎರಡು ಹಕ್ಕಿ. ಎರಡನ್ನೂ ನಿರ್ಮಿಸಿದವರು ಬ್ರಾಂಡನ್ ಜೇಮ್ಸ್ ಗ್ವಿನ್. ದೊಡ್ಡ ವಾದ್ಯವೃಂದದ ಅಬ್ಬರವಿಲ್ಲ. ಗಿಟಾರ್ ಮುಂದೆ, ದನಿ ಅದರ ಪಕ್ಕ, ಉಳಿದದ್ದೆಲ್ಲ ಹಿಂದೆ.

ಈ ಹಾಡುಗಳನ್ನು ಕಣ್ಣುಮುಚ್ಚಿ ಕೇಳಿದವರಿಗೆ ಹಾಡುತ್ತಿರುವವರು ವೇಷಧಾರಿಯೆಂದು ತಿಳಿಯುವ ಕುರುಹು ಕಡಿಮೆ. ದನಿಯನ್ನು ಹೆಣ್ಣಾಗಿಸುವ ಪ್ರಯತ್ನವೇ ಇಲ್ಲ. ಸಾಮಾನ್ಯ ಗಂಡಸಿನ ದನಿ, ಹತ್ತಿರ ಕುಳಿತು ಮಾತನಾಡುವಷ್ಟು ಎತ್ತರ. ವಿಷಯಗಳೂ ಎಲ್ಲರ ವಿಷಯಗಳೇ. ಬಿಟ್ಟುಹೋದವರು, ಮತ್ತೆ ಸಿಕ್ಕವರು, ಮುರಿಯಲಿರುವ ಸಂಬಂಧವನ್ನು ಮೊದಲೇ ಕಂಡ ಮನಸ್ಸು. ನೃತ್ಯದ ಹಾಡುಗಳ ಅಚ್ಚಿನಲ್ಲಿ ‘ನಾನು ರಾಣಿ’ ಎಂಬ ಸಾಲು ಬರುತ್ತಿದ್ದ ಜಾಗದಲ್ಲಿ ಇಲ್ಲಿ ‘ತಪ್ಪು ನನ್ನದೂ ಇತ್ತು’ ಎಂಬ ಭಾವ ಬಂದು ಕೂರುತ್ತದೆ.

ವೇಷವನ್ನು ನೇರವಾಗಿ ಮುಟ್ಟುವ ಹಾಡು ಮೊದಲ ಆಲ್ಬಮ್ಮಿನಲ್ಲಿದೆ. ಅದರ ಹೆಸರನ್ನು ಕನ್ನಡಿಸಿದರೆ ‘ಅಮ್ಮಾ, ಆ ಉಡುಪನ್ನು ನನಗೆ ಮತ್ತೆ ತೊಡಿಸಬೇಡ’ ಎಂದಾಗುತ್ತದೆ. ಡ್ರ್ಯಾಗ್ ಕಲಾವಿದರು ವೇಷದ ಬಗ್ಗೆ ಹಾಡುವಾಗ ಕೇಳಿಬರುವ ವೈಭವ ಇಲ್ಲಿಲ್ಲ. ಇರುವುದು ದಣಿವು, ಊರೂರು ಸುತ್ತಿದ ಮೈಯ ದಣಿವು. ಕಂಟ್ರಿಯಲ್ಲಿ ರಸ್ತೆಯ ದಣಿವಿನ ಹಾಡುಗಳಿಗೆ ಬರವಿಲ್ಲ, ಲಾರಿ ಚಾಲಕರದು, ಸಂಗೀತಗಾರರದು. ಆ ಸಾಲಿಗೆ ವೇಷಧಾರಿಯ ದಣಿವೂ ಸೇರಿತು, ಬೇರೆಯವರ ದಣಿವಿನಷ್ಟೇ ಸಹಜವಾಗಿ. ನನಗೆ ಈ ಇಡೀ ಪ್ರಕರಣದಲ್ಲಿ ಅತ್ಯಂತ ಬೆಲೆಯುಳ್ಳದ್ದೆನಿಸುವುದು ಈ ಸಹಜತೆ. ಹಾಡು ವೇಷಕ್ಕೆ ವಿವರಣೆ ಕೊಡುವುದಿಲ್ಲ, ಕ್ಷಮೆ ಕೇಳುವುದಿಲ್ಲ, ಹೊಗಳಿಕೆ ಬೇಡುವುದಿಲ್ಲ. ಕೆಲಸ ಮಾಡಿ ಸುಸ್ತಾದ ಒಬ್ಬರು ಮನೆಗೆ ಹೋಗಬೇಕೆನ್ನುತ್ತಾರೆ.

ಎರಡನೆಯ ಆಲ್ಬಮ್ಮಿನ ‘ಮೂವಿಂಗ್ ಪಾರ್ಟ್ಸ್’ ಎಂಬ ಹಾಡಿನ ಹೆಸರು ಗೊಂಬೆಗಳ ಲೋಕದ್ದು, ಅಲುಗಾಡುವ ಭಾಗಗಳು ಎಂದು. ಮುಂದೆ ಅದೇ ಹೆಸರು ಅವರ ಪ್ರವಾಸಕ್ಕೂ ಬಂತು, 2019ರಲ್ಲಿ ಟ್ರೈಬೆಕಾ ಉತ್ಸವದಲ್ಲಿ ತೆರೆಕಂಡ ಸಾಕ್ಷ್ಯಚಿತ್ರಕ್ಕೂ ಬಂತು. ಎರಡು ಆಲ್ಬಮ್ಮುಗಳಲ್ಲಿ ‘ಒನ್ ಸ್ಟೋನ್’ ಹೆಚ್ಚು ಗಟ್ಟಿ ಎಂಬುದು ನನ್ನ ಅಭಿಪ್ರಾಯ. ಮೊದಲನೆಯದರಲ್ಲಿ ‘ನಾನು ಇದನ್ನು ಮಾಡಬಲ್ಲೆ’ ಎಂದು ತೋರಿಸುವ ಆತುರ ಅಲ್ಲಲ್ಲಿ ಇಣುಕುತ್ತದೆ. ಎರಡನೆಯದಕ್ಕೆ ಆ ಹಂಗಿಲ್ಲ, ಮೌನಕ್ಕೂ ಜಾಗ ಬಿಟ್ಟಿದೆ.

ಈಗ ಆ ಮುಖದ ಮಾತಿಗೆ ಮರಳುತ್ತೇನೆ. ಇಷ್ಟು ಬರಿಯ ಮೈಯ ಹಾಡುಗಳಿಗೆ ಅಷ್ಟು ದಪ್ಪನೆಯ ಬಣ್ಣ ಏಕೆ? ಬಣ್ಣ ಅಳಿಸಿ, ಬ್ರಯನ್ ಆಗಿಯೇ ಸ್ಟೂಲಿನ ಮೇಲೆ ಕೂತು ಹಾಡಬಹುದಿತ್ತು. ಹಾಗೆ ಹಾಡಿದ್ದರೆ ಅವರು ಗಿಟಾರ್ ಹಿಡಿದ ಸಾವಿರಾರು ತರುಣರಲ್ಲಿ ಒಬ್ಬರಾಗುತ್ತಿದ್ದರು ಎಂಬುದು ವ್ಯಾಪಾರದ ಉತ್ತರ. ಅದು ನಿಜ, ಆದರೆ ಪೂರ್ತಿಯಲ್ಲ. ಬಣ್ಣವೆಂದು ಒಪ್ಪಿಕೊಂಡ ಮುಖ ಕೇಳುಗರಿಗೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತದೆ: ಇಲ್ಲಿ ಕಾಣುವುದೆಲ್ಲ ಮಾಡಿದ್ದು. ಅಷ್ಟು ಒಪ್ಪಿಗೆಯಾದ ಮೇಲೆ ಕಿವಿ ಬೇರೆ ರೀತಿಯಲ್ಲಿ ತೆರೆದುಕೊಳ್ಳುತ್ತದೆ. ಕಣ್ಣು ನಂಬುವ ಕೆಲಸವನ್ನು ಬಿಟ್ಟಾಗ ನಂಬಲು ಉಳಿಯುವುದು ದನಿಯೊಂದೇ. ತುಟಿಯಾಟದಲ್ಲಿ ಮುಖವೂ ಮಾಡಿದ್ದು, ದನಿಯೂ ಎರವಲು. ಇಲ್ಲಿ ಮುಖ ಮಾಡಿದ್ದು, ದನಿ ನಿಜ.

ಯಾರ ಹಾಡು, ಯಾರ ಹಣ

ಸ್ವಂತ ಹಾಡಿನ ಮಾತು ಬಂದಾಗ ಆತ್ಮದ ಅಭಿವ್ಯಕ್ತಿಯ ಬಗ್ಗೆ ಎಲ್ಲರೂ ಬರೆಯುತ್ತಾರೆ, ಹಣದ ಬಗ್ಗೆ ಯಾರೂ ಬರೆಯುವುದಿಲ್ಲ. ರಾತ್ರಿಗೂಲಿಯ ಮೇಲೆ ಬದುಕುವ ಕಲಾವಿದರಿಗೆ ಇದು ಸಣ್ಣ ವಿಷಯವಲ್ಲ.

ಅಮೆರಿಕದ ಕಾನೂನಿನಲ್ಲಿ ಒಂದು ಹಾಡಿಗೆ ಎರಡು ಹಕ್ಕುಸ್ವಾಮ್ಯಗಳಿವೆ. ಸಾಹಿತ್ಯ ಮತ್ತು ಮಟ್ಟಿನದು ಒಂದು, ಧ್ವನಿಮುದ್ರಣದ್ದು ಇನ್ನೊಂದು. ಬಾರಿನಲ್ಲಿ ಹಾಡು ಮೊಳಗಿದಾಗ ಬಾರಿನ ಮಾಲೀಕರು ಆಸ್ಕ್ಯಾಪ್, ಬಿಎಂಐ ಮುಂತಾದ ಸಂಸ್ಥೆಗಳಿಗೆ ಕಟ್ಟುವ ಪರವಾನಗಿ ಶುಲ್ಕ ಹೋಗುವುದು ಹಾಡು ಬರೆದವರಿಗೆ ಮತ್ತು ಅವರ ಪ್ರಕಾಶಕರಿಗೆ. ಅದಕ್ಕೆ ತುಟಿ ಆಡಿಸಿ ಜನರನ್ನು ಬಾರಿಗೆ ಕರೆತಂದವರಿಗೆ ಆ ಶುಲ್ಕದಲ್ಲಿ ಪಾಲಿಲ್ಲ. ಅವರಿಗೆ ಸಿಗುವುದು ಆ ರಾತ್ರಿಯ ಸಂಭಾವನೆ ಮತ್ತು ಕೈಗೆ ಬಂದ ನೋಟುಗಳು. ಕಾಲು ಉಳುಕಿ ಒಂದು ತಿಂಗಳು ಮಲಗಿದರೆ ಆ ತಿಂಗಳ ಆದಾಯ ಸೊನ್ನೆ. ಬರೆದ ಹಾಡು ಹಾಗಲ್ಲ, ಬರೆದವರು ಮಲಗಿದ್ದರೂ ಅದು ಓಡಾಡುತ್ತಿರುತ್ತದೆ. ಅಮೆರಿಕದ ಸಾಮಾನ್ಯ ರೇಡಿಯೊ ಕೇಂದ್ರಗಳು ಹಾಡು ಹಾಕಿದಾಗಲೂ ರಾಯಧನ ರಚನೆಕಾರರಿಗೇ, ಹಾಡಿದವರಿಗಲ್ಲ.

ಇನ್ನೊಬ್ಬರ ಹಾಡನ್ನು ತಾವೇ ಹಾಡಿ ಬಿಡುಗಡೆ ಮಾಡುವ ದಾರಿಯೂ ಇತ್ತು. ಈಗಾಗಲೇ ಪ್ರಕಟವಾದ ಹಾಡನ್ನು ಮತ್ತೆ ಹಾಡಲು ಅಲ್ಲಿ ಮೂಲದವರ ಅನುಮತಿ ಕಾಯಬೇಕಿಲ್ಲ, ಕಾನೂನು ಗೊತ್ತುಮಾಡಿದ ದರ ಕೊಟ್ಟರೆ ಸಾಕು. 2017ರಲ್ಲಿ ಆ ದರ ಐದು ನಿಮಿಷದೊಳಗಿನ ಹಾಡಿಗೆ ಪ್ರತಿಯೊಂದಕ್ಕೆ 9.1 ಸೆಂಟ್. ಸಾವಿರ ಪ್ರತಿ ಮಾರಿದರೆ ಒಂದು ಹಾಡಿಗೆ 91 ಡಾಲರ್ ಹೊರಗೆ ಹೋಗುತ್ತದೆ. ತಮ್ಮದೇ ಹಾಡಾದರೆ ಆ 91 ಡಾಲರ್ ಮನೆಯಲ್ಲೇ ಉಳಿಯುತ್ತದೆ. ಮೊತ್ತ ದೊಡ್ಡದಲ್ಲ. ಆದರೆ ಇಪ್ಪತ್ತು ವರ್ಷ ಬಿಟ್ಟು ಯಾರಾದರೂ ಅದನ್ನು ಹಾಡಿದರೂ ಮೊತ್ತ ಅದೇ ವಿಳಾಸಕ್ಕೆ ಬರುತ್ತದೆ. ಬಣ್ಣದ ಮುಖಕ್ಕೆ ವಯಸ್ಸಾಗುತ್ತದೆ, ಎತ್ತರದ ಹಿಮ್ಮಡಿಯ ಮೇಲೆ ನಿಲ್ಲುವ ಮಂಡಿಗಂತೂ ಬೇಗನೆ ಆಗುತ್ತದೆ. ಹಾಡಿನ ಹಕ್ಕು ಮಾತ್ರ ರಚನೆಕಾರರ ಕಾಲದ ನಂತರವೂ 70 ವರ್ಷ ಇರುತ್ತದೆ.

2018ರ ಮಾರ್ಚ್ 15

ರುಪಾಲ್ ಅವರ ಅದೇ ಸ್ಪರ್ಧೆಯ ಹಿಂದಿನ ಆವೃತ್ತಿಗಳ ಕಲಾವಿದರನ್ನು ಮತ್ತೆ ಕರೆಸುವ ‘ಆಲ್ ಸ್ಟಾರ್ಸ್’ನ ಮೂರನೆಯ ಆವೃತ್ತಿಗೆ ಟ್ರಿಕ್ಸಿ ಹೋದರು. ಅಂತಿಮ ಕಂತು ಪ್ರಸಾರವಾದ ದಿನವೇ ‘ಒನ್ ಸ್ಟೋನ್’ ಬಿಡುಗಡೆ. ಅಂದು ರಾತ್ರಿ ಗೆದ್ದವರು ಟ್ರಿಕ್ಸಿ, ಬಹುಮಾನ ಒಂದು ಲಕ್ಷ ಡಾಲರ್. ಫಲಿತಾಂಶ ಬಯಲಾಗದಿರಲಿ ಎಂದು ಆ ಸ್ಪರ್ಧೆಯಲ್ಲಿ ಒಂದಕ್ಕಿಂತ ಹೆಚ್ಚು ಮುಕ್ತಾಯಗಳನ್ನು ಚಿತ್ರೀಕರಿಸಿಕೊಳ್ಳುವ ರೂಢಿಯಿದೆ. ಅಂದರೆ ದಿನಾಂಕ ಗೊತ್ತುಮಾಡಿದಾಗ ಗೆಲುವು ಕೈಯಲ್ಲಿರಲಿಲ್ಲ. ಗೆದ್ದರೂ ಸೋತರೂ ಅಂದು ಜನರ ಕೈಗೆ ಕೊಡಲು ತಮ್ಮದೊಂದು ಇರಬೇಕು ಎಂಬ ಲೆಕ್ಕ ಅದು.

ಅಂತಿಮ ಘಟ್ಟದ ಆಯ್ಕೆಯನ್ನು ಹೊರಹೋದ ಸ್ಪರ್ಧಿಗಳ ಮತಕ್ಕೆ ಬಿಟ್ಟದ್ದರಿಂದ ಸಹಸ್ಪರ್ಧಿ ಶಾಂಜೆಲಾ ಅವರಿಗೆ ಅನ್ಯಾಯವಾಯಿತೆಂದು ಅಭಿಮಾನಿಗಳಲ್ಲಿ ದೊಡ್ಡ ಜಗಳವೇ ನಡೆಯಿತು. ಕಿರೀಟದ ಸುತ್ತ ಅಷ್ಟು ಕಹಿ ಇದ್ದ ಆ ವಾರದಲ್ಲೂ ಆಲ್ಬಮ್ಮಿಗೆ ಅದರದೇ ಜೀವವಿತ್ತು. ಹಾಡಿಗೆ ಯಾರ ಮತವೂ ಬೇಕಾಗಿರಲಿಲ್ಲ.

ಆಮೇಲೆ

2020ರ ಫೆಬ್ರುವರಿ 7ರಂದು ‘ಬಾರ್ಬರಾ’ ಬಂತು. ಅದರ ಮೊದಲ ಅರ್ಧದಲ್ಲಿ ಎಲೆಕ್ಟ್ರಿಕ್ ಗಿಟಾರಿನ ಕಡಲತೀರದ ಲವಲವಿಕೆ, ಎರಡನೆಯ ಅರ್ಧದಲ್ಲಿ ಹಳೆಯ ಮೆಲುದನಿ. 2022ರ ಜೂನ್‌ನಲ್ಲಿ ಬಂದ ಜೋಡಿ ಆಲ್ಬಮ್ ‘ದಿ ಬ್ಲಾಂಡ್ ಆ್ಯಂಡ್ ಪಿಂಕ್ ಆಲ್ಬಮ್ಸ್’ನಲ್ಲಿ ಪಾಪ್ ಇನ್ನೂ ಮುಂದೆ ಬಂತು. ಹಾಡುಗಳು ಚೊಕ್ಕವಾಗಿವೆ, ಗುನುಗಲು ಚೆನ್ನಾಗಿವೆ. ಆದರೆ ಮೊದಲೆರಡು ಆಲ್ಬಮ್ಮುಗಳಲ್ಲಿ ದನಿಯ ಸುತ್ತ ಇದ್ದ ಖಾಲಿ ಜಾಗ ಇಲ್ಲಿ ತುಂಬಿಹೋಗಿದೆ, ಮುಖದಂತೆಯೇ ಸದ್ದಿಗೂ ಮೇಕಪ್ ಆಗಿದೆ. ಬಣ್ಣದ ಮುಖದ ಎದುರು ಬರಿಯ ದನಿ ನಿಂತಾಗ ಹುಟ್ಟುತ್ತಿದ್ದ ಸೆಳೆತ ಹಾಗಾದಾಗ ಸಡಿಲವಾಗುತ್ತದೆ. ಬೇರೆಯವರು ಇದನ್ನೇ ಬೆಳವಣಿಗೆ ಎನ್ನಬಹುದು, ಅವರ ಮಾತಿನಲ್ಲೂ ಹುರುಳಿದೆ. ಒಂದೇ ಸ್ವರಮೇಳದಲ್ಲಿ ಯಾರನ್ನೂ ಕಟ್ಟಿಹಾಕಬಾರದು.

ಈ ಎರಡು ಆಲ್ಬಮ್ಮುಗಳ ನಡುವೆ, 2021ರಲ್ಲಿ, ಟ್ರಿಕ್ಸಿ ಇನ್ನೊಂದು ಚಿಕ್ಕ ಸಂಕಲನ ಮಾಡಿದ್ದರು. ಹೆಸರು ‘ಫುಲ್ ಕವರೇಜ್’. ಮುಖದ ಕಲೆಗಳನ್ನೆಲ್ಲ ಮುಚ್ಚುವ ದಪ್ಪ ಬಣ್ಣಕ್ಕೂ ಆ ಹೆಸರು, ಇನ್ನೊಬ್ಬರ ಹಾಡನ್ನು ಮತ್ತೆ ಹಾಡುವುದಕ್ಕೂ ಅದು ಹೊಂದುತ್ತದೆ. ಎಲ್ಲವೂ ಬೇರೆಯವರ ಹಾಡುಗಳು. ಅವುಗಳಲ್ಲಿ ಒಂದು, 1967ರಲ್ಲಿ ಜಾನಿ ಕ್ಯಾಶ್ ಮತ್ತು ಜೂನ್ ಕಾರ್ಟರ್ ಹಾಡಿ ಮನೆಮಾತಾಗಿಸಿದ, ಜಗಳವಾಡುವ ಗಂಡಹೆಂಡಿರ ಯುಗಳಗೀತೆ ‘ಜ್ಯಾಕ್ಸನ್’. ಟ್ರಿಕ್ಸಿಗೆ ಜೊತೆಯಾದವರು ಓರ್ವಿಲ್ ಪೆಕ್, ಆಗ ಮುಖಕ್ಕೆ ಅಂಚು ಜೋಲುವ ಮುಖವಾಡ ಕಟ್ಟಿಕೊಂಡೇ ಹಾಡುತ್ತಿದ್ದ, ಸಲಿಂಗಿಯೆಂದು ಬಹಿರಂಗವಾಗಿ ಹೇಳಿಕೊಂಡ ಕಂಟ್ರಿ ಗಾಯಕ. ಮಿಲ್ವಾಕಿಯ ಬಾರಿನ ದಿನಗಳಲ್ಲಾಗಿದ್ದರೆ ಜೂನ್ ಕಾರ್ಟರ್ ಅವರ ದನಿಯನ್ನೇ ಹಾಕಿ ಟ್ರಿಕ್ಸಿ ತುಟಿ ಆಡಿಸುತ್ತಿದ್ದರು, ಅವರ ಉಸಿರಿಗೆ ಎದೆ ಏರಿಸುತ್ತಿದ್ದರು. ಈ ಧ್ವನಿಮುದ್ರಣದಲ್ಲಿ ಒಬ್ಬರ ಮುಖದ ಮೇಲೆ ಬಣ್ಣ, ಇನ್ನೊಬ್ಬರ ಮುಖದ ಮೇಲೆ ಬಟ್ಟೆ, ಕೇಳಿಸುವ ಎರಡು ಗಂಟಲೂ ಅವರವರದೇ.